ಪೆನೈನ್ ವೇ ಉಳಿದ ಭಾಗ: ಟೆಂಟ್ ಎಲ್ಲಿ ಹಾಕಬಹುದು, ನಾಲ್ವರ ಗುಂಪು ಒಡೆಯದಂತೆ ನಡೆಯುವುದು ಹೇಗೆ?

ಲೀಡ್ಸ್ ದಾರಿಹೋಕ

ಎಲ್ಲರಿಗೂ ನಮಸ್ಕಾರ. ನಾವು ನಾಲ್ವರು ಶಿವಮೊಗ್ಗದಲ್ಲಿ ಒಂದೇ ಕಾಲೇಜಿನಲ್ಲಿ ಓದಿದವರು, ಈಗ ಯಾರ್ಕ್‌ಷೈರ್‌ನ ಬೇರೆ ಬೇರೆ ಊರುಗಳಲ್ಲಿದ್ದೇವೆ. ಮೂರು ವರ್ಷಗಳಿಂದ ರಜೆ ಕೂಡಿಬಂದಾಗಲೆಲ್ಲ ಪೆನೈನ್ ವೇ ದಾರಿಯನ್ನು ತುಂಡು ತುಂಡಾಗಿ ನಡೆಯುತ್ತಿದ್ದೇವೆ. ಡರ್ಬಿಷೈರ್‌ನ ಈಡೇಲ್‌ನಿಂದ ಸ್ಕಾಟ್ಲೆಂಡ್ ಗಡಿಯಾಚೆಯ ಕರ್ಕ್ ಯೆಟಮ್ ಹಳ್ಳಿಯವರೆಗಿನ ಈ ದಾರಿ 268 ಮೈಲಿ, ಅಂದರೆ ಸುಮಾರು 431 ಕಿಲೋಮೀಟರ್ ಉದ್ದವಿದೆ. ಆಲ್‌ಸ್ಟನ್‌ವರೆಗೆ ಮುಗಿಸಿದ್ದೇವೆ. ಇನ್ನು ಉಳಿದಿರುವುದು ಸುಮಾರು 130 ಕಿಲೋಮೀಟರ್. ಅದನ್ನು ಮೇ ಕೊನೆಯ ವಾರದಲ್ಲಿ, ಟೆಂಟ್ ಹೊತ್ತು, ಏಳು ದಿನಗಳಲ್ಲಿ ಮುಗಿಸಬೇಕೆಂಬುದು ಆಸೆ.

ಆದರೆ ಕಳೆದ ಅಕ್ಟೋಬರಿನಲ್ಲಿ ಆದದ್ದನ್ನು ಮೊದಲು ಹೇಳಬೇಕು. ಡಫ್ಟನ್‌ನಿಂದ ಹೊರಡುವಾಗಲೇ ಬೆಳಿಗ್ಗೆ ಹನ್ನೊಂದಾಗಿತ್ತು. 893 ಮೀಟರ್ ಎತ್ತರದ ಕ್ರಾಸ್ ಫೆಲ್ ಹತ್ತಿ ಇಳಿದು, ಆಚೆ ಬದಿಯಲ್ಲಿರುವ ಗ್ರೆಗ್ಸ್ ಹಟ್ ಎಂಬ ಹಳೆಯ ಸೀಸದ ಗಣಿಯ ಮನೆಯ ಬಳಿ ರಾತ್ರಿ ತಂಗುವುದೆಂದು ಮಾತಾಗಿತ್ತು. ಗ್ರೇಟ್ ಡನ್ ಫೆಲ್ ಮೇಲಿನ ಬಿಳಿಯ ರೇಡಾರ್ ಗುಮ್ಮಟ ದಾಟುವವರೆಗೆ ನಾಲ್ವರೂ ಒಟ್ಟಿಗೇ ಇದ್ದೆವು. ಅಲ್ಲಿಂದ ಮುಂದೆ ಮಂಜು ಕವಿಯಿತು, ಮಳೆಯೂ ಶುರುವಾಯಿತು. ನಾನು ಮತ್ತು ಇನ್ನೊಬ್ಬ ಗೆಳೆಯ, ಬೇಗ ಹೋಗಿ ನೀರು ಕಾಯಿಸಿಡುತ್ತೇವೆಂದು ಹೇಳಿ ಮುಂದೆ ನಡೆದುಬಿಟ್ಟೆವು. ಹಟ್ ತಲುಪಿ ಚೀಲ ಬಿಚ್ಚಿದಾಗ ಎದೆ ಧಸಕ್ಕೆಂದಿತು. ತೂಕ ಸಮನಾಗಿ ಹಂಚಿಕೊಳ್ಳಬೇಕೆಂದು ಎರಡೂ ಟೆಂಟುಗಳ ಕಂಬಿ ಮತ್ತು ಗೂಟಗಳನ್ನು ನಾವು ಹೊತ್ತಿದ್ದೆವು, ಬಟ್ಟೆಯೆಲ್ಲ ಹಿಂದಿನವರ ಚೀಲದಲ್ಲಿತ್ತು. ಒಲೆ ನಮ್ಮಲ್ಲಿ, ಗ್ಯಾಸ್ ಡಬ್ಬಿ ಅವರಲ್ಲಿ. ದಿಕ್ಸೂಚಿ ನಮ್ಮಲ್ಲಿ, ನಕ್ಷೆ ಅವರಲ್ಲಿ. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಕತ್ತಲಾದ ಮೇಲೆ ಹಟ್‌ನ ಬಾಗಿಲಲ್ಲಿ ನಿಂತು ಎರಡು ಗಂಟೆ ಕಾಲ ಸೀಟಿ ಊದಿದೆವು. ಅವರಿಬ್ಬರು ಬಂದು ಸೇರಿದಾಗ ರಾತ್ರಿ ಎಂಟೂ ಮುಕ್ಕಾಲು. ಒಬ್ಬನಿಗೆ ಬೂಟಿನ ದಾರ ಬಿಚ್ಚಲೂ ಬೆರಳು ಬರುತ್ತಿರಲಿಲ್ಲ. ಮರುದಿನ ಆಲ್‌ಸ್ಟನ್‌ವರೆಗೆ ಯಾರೂ ಯಾರೊಡನೆಯೂ ಮಾತಾಡಲಿಲ್ಲ.

ಈಗ ಪ್ರಶ್ನೆ ಎರಡು. ಇಂಗ್ಲೆಂಡಿನಲ್ಲಿ ಟೆಂಟ್ ಹಾಕುವುದು ಕಾನೂನಿಗೆ ವಿರುದ್ಧ, ಆದ್ದರಿಂದ ಈ ದಾರಿಯನ್ನು ಬಿಟ್ಟು ಸ್ಕಾಟ್ಲೆಂಡಿಗೇ ಹೋಗೋಣ ಎಂದು ಇಬ್ಬರು ಹೇಳುತ್ತಿದ್ದಾರೆ; ಇದು ಎಷ್ಟು ಸರಿ? ನಡಿಗೆಯ ವೇಗ ಬೇರೆ ಬೇರೆ ಇರುವ ಗೆಳೆಯರು ವಾರಗಟ್ಟಲೆ ಒಟ್ಟಿಗೆ ನಡೆಯುವುದು ಹೇಗೆ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಪೆಂಟ್‌ಲ್ಯಾಂಡ್ ಪಕ್ಕದವಳು

ಮೊದಲ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ನಾನು ಎಡಿನ್‌ಬರೋದಲ್ಲಿ ಹನ್ನೆರಡು ವರ್ಷಗಳಿಂದ ಇದ್ದೇನೆ. ಸ್ಕಾಟ್ಲೆಂಡಿನಲ್ಲಿ 2003ರ ಭೂಸುಧಾರಣಾ ಕಾಯ್ದೆಯ ಪ್ರಕಾರ, ಜವಾಬ್ದಾರಿಯಿಂದ ನಡೆದುಕೊಳ್ಳುವ ಯಾರೇ ಆದರೂ ಹೆಚ್ಚಿನ ಬೆಟ್ಟ ಬಯಲುಗಳಲ್ಲಿ ನಡೆಯಬಹುದು, ಟೆಂಟ್ ಹಾಕಬಹುದು. ಜಮೀನಿನ ಒಡೆಯರ ಅನುಮತಿ ಬೇಕಿಲ್ಲ. ಜನ ಕಡಿಮೆಯಿರಬೇಕು, ಸಾಮಾನು ಹಗುರವಾಗಿರಬೇಕು, ಒಂದೇ ಜಾಗದಲ್ಲಿ ಎರಡು ಮೂರು ರಾತ್ರಿಗಿಂತ ಹೆಚ್ಚು ಇರಬಾರದು, ಬೆಳೆ ಇರುವ ಹೊಲದಲ್ಲಿ, ಮನೆಗಳ ಪಕ್ಕದಲ್ಲಿ, ರಸ್ತೆಯ ಬದಿಯಲ್ಲಿ ಹಾಕಬಾರದು ಎಂಬುದೆಲ್ಲ ಅದರೊಂದಿಗೆ ಬಂದ ನೀತಿಸಂಹಿತೆಯಲ್ಲಿದೆ. ಕಾರು ನಿಲ್ಲಿಸಿ ಅದರ ಪಕ್ಕದಲ್ಲೇ ದೊಡ್ಡ ಟೆಂಟ್ ಹಾಕುವವರಿಗೆ ಈ ಹಕ್ಕಿಲ್ಲ. ಇದು ಬೆನ್ನ ಮೇಲೆ ಹೊತ್ತು ನಡೆದುಬರುವವರಿಗಾಗಿ ಇರುವುದು.

ಸಕಲೇಶಪುರದ ಹುಡುಗ

ಹಾಗಾದರೆ ವೆಸ್ಟ್ ಹೈಲ್ಯಾಂಡ್ ವೇ ನಡೆಯಿರಿ. 96 ಮೈಲಿ, ಏಳು ದಿನಗಳಿಗೆ ಸರಿಯಾಗಿ ಹೊಂದುತ್ತದೆ, ಎಲ್ಲಿ ಬೇಕಾದರೂ ಟೆಂಟ್ ಹಾಕಬಹುದು.

ಪೆಂಟ್‌ಲ್ಯಾಂಡ್ ಪಕ್ಕದವಳು

ಎಲ್ಲಿ ಬೇಕಾದರೂ ಅಲ್ಲ, ದಯವಿಟ್ಟು ಹಾಗೆ ಬರೆಯಬೇಡಿ. ಓದಿದವರು ನಂಬಿ ಹೋಗಿ ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ. ಆ ದಾರಿ ಲಾಕ್ ಲೋಮಂಡ್ ಸರೋವರದ ಪೂರ್ವದಂಡೆಯಲ್ಲಿ ಸಾಗುತ್ತದೆ. ಅಲ್ಲಿನ ರಾಷ್ಟ್ರೀಯ ಉದ್ಯಾನದಲ್ಲಿ 2017ರಿಂದ ಉಪನಿಯಮ ಜಾರಿಯಲ್ಲಿದೆ. ಮಾರ್ಚ್ 1ರಿಂದ ಸೆಪ್ಟೆಂಬರ್ 30ರವರೆಗೆ, ಗುರುತಿಸಿದ ವಲಯಗಳಲ್ಲಿ ಪರವಾನಗಿ ಪಡೆದೇ ಟೆಂಟ್ ಹಾಕಬೇಕು. ನಿಯಮ ತಂದದ್ದಕ್ಕೆ ಕಾರಣವೂ ಇದೆ. ಕಡಿದ ಮರ, ಒಡೆದ ಬಾಟಲಿ, ಬಿಟ್ಟುಹೋದ ಟೆಂಟುಗಳನ್ನು ಆ ದಂಡೆಯಲ್ಲಿ ನಾನೇ ಕಣ್ಣಾರೆ ನೋಡಿದ್ದೇನೆ.

ತುಂಗೆಯಿಂದ ಮ್ಯಾಂಚೆಸ್ಟರ್

ಕಾನೂನಿನ ಕಾರಣಕ್ಕೆ ಪೆನೈನ್ ವೇಯನ್ನು ಅರ್ಧಕ್ಕೆ ಬಿಡುವುದು ನನಗೆ ಒಪ್ಪಿಗೆಯಿಲ್ಲ. ಆ ದಾರಿಯ ಹುಟ್ಟೇ ಹಕ್ಕಿಗಾಗಿ ನಡೆದ ಹೋರಾಟದಲ್ಲಿದೆ. 1932ರ ಏಪ್ರಿಲ್ 24ರಂದು ನಮ್ಮ ಮ್ಯಾಂಚೆಸ್ಟರ್ ಸುತ್ತಮುತ್ತಲಿನ ನೂರಾರು ಕಾರ್ಮಿಕರು, ಬೇಟೆಗೆಂದು ಮೀಸಲಿಟ್ಟು ಜನರನ್ನು ದೂರವಿಟ್ಟಿದ್ದ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ಬಹಿರಂಗವಾಗಿ ನುಗ್ಗಿದರು. ಅವರಲ್ಲಿ ಐವರಿಗೆ ಜೈಲುಶಿಕ್ಷೆಯಾಯಿತು. ಅದಾಗಿ ಮೂರು ವರ್ಷಕ್ಕೆ ಟಾಮ್ ಸ್ಟೀವನ್ಸನ್ ಎಂಬ ಪತ್ರಕರ್ತರು ಇಂತಹದೊಂದು ಉದ್ದನೆಯ ಹಸಿರು ಹಾದಿ ಬೇಕೆಂದು ಬರೆದರು. ಮೂವತ್ತು ವರ್ಷ ಬಿಡದೆ ಬೆನ್ನುಹತ್ತಿದ ಮೇಲೆ, 1965ರಲ್ಲಿ ಅದೇ ಏಪ್ರಿಲ್ 24ರಂದು ದಾರಿ ತೆರೆಯಿತು.

ನೀವು ಬ್ಲ್ಯಾಕ್ ಹಿಲ್ ಕಡೆ ಜವುಗಿನ ಮೇಲೆ ಹಾಸಿರುವ ಚಪ್ಪಡಿಗಳ ಮೇಲೆ ನಡೆದಿದ್ದೀರಲ್ಲವೇ? ಮುಚ್ಚಿಹೋದ ಹತ್ತಿ ಗಿರಣಿಗಳ ನೆಲದಿಂದ ಕಿತ್ತು ತಂದ ಕಲ್ಲುಗಳೂ ಅವುಗಳಲ್ಲಿವೆ. ಕೆಲವು ಕಲ್ಲುಗಳಲ್ಲಿ ಯಂತ್ರ ಕೂರಿಸುತ್ತಿದ್ದ ತೂತುಗಳು ಈಗಲೂ ಕಾಣುತ್ತವೆ. ಮಳೆ ಬಂದಾಗ ಅವುಗಳಲ್ಲಿ ನೀರು ನಿಂತು, ಆಕಾಶದ ಚೂರೊಂದು ಕಾಲಡಿಯಲ್ಲಿ ಹೊಳೆಯುತ್ತದೆ. ಗಿರಣಿ ಕಾರ್ಮಿಕರು ನಿಂತು ದುಡಿದ ಕಲ್ಲುಗಳು ಅವರೇ ಹೋರಾಡಿ ಪಡೆದ ದಾರಿಗೆ ಹಾಸಾಗಿವೆ ಎಂದು ನೆನೆದರೆ ನನಗೆ ಪ್ರತಿಸಲವೂ ಮೈ ಜುಮ್ಮೆನ್ನುತ್ತದೆ. ಅಂತಹ ದಾರಿಯನ್ನು ಬಿಡಬೇಡಿ.

ಕಾನೂನಿನ ವಿಷಯ ಇಷ್ಟೇ. 2000ದ ಕಾಯ್ದೆ ಇಂಗ್ಲೆಂಡಿನ ತೆರೆದ ಬೆಟ್ಟಗಳ ಮೇಲೆ ನಡೆಯುವ ಹಕ್ಕನ್ನು ಕೊಟ್ಟಿತು, ಮಲಗುವ ಹಕ್ಕನ್ನು ಕೊಡಲಿಲ್ಲ. ಹಾಗೆಂದು ಒಂದು ರಾತ್ರಿ ಟೆಂಟ್ ಹಾಕಿದವರನ್ನು ಹಿಡಿದು ಜೈಲಿಗೆ ಹಾಕುವುದಿಲ್ಲ. ಅದು ಸಿವಿಲ್ ವಿಷಯ. ಒಡೆಯರು ಏಳಿರಿ ಎಂದರೆ ಕ್ಷಮೆ ಕೇಳಿ ಎದ್ದುಹೋಗಬೇಕು.

ಎಕ್ಸೆಟರ್ ಕನ್ನಡಿಗ

ಒಂದು ಸಣ್ಣ ತಿದ್ದುಪಡಿ. ಇಂಗ್ಲೆಂಡಿನಲ್ಲಿ ಎಲ್ಲಿಯೂ ಹಕ್ಕಿಲ್ಲ ಎನ್ನುವಂತಿಲ್ಲ. ನಮ್ಮ ಡಾರ್ಟ್‌ಮೂರ್ ರಾಷ್ಟ್ರೀಯ ಉದ್ಯಾನದಲ್ಲಿ ಟೆಂಟ್ ಹಾಕಲು 1985ರ ಕಾಯ್ದೆಯಿಂದ ಬಂದ ಹಕ್ಕಿದೆ. 2023ರ ಜನವರಿಯಲ್ಲಿ ಹೈಕೋರ್ಟ್ ಅದನ್ನು ಇಲ್ಲವೆಂದಾಗ ನಾವು ಸಾವಿರಾರು ಜನ ಬೆಟ್ಟದ ಮೇಲೆ ಸೇರಿ ಪ್ರತಿಭಟಿಸಿದೆವು. ಅದೇ ವರ್ಷದ ಜುಲೈಯಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಿರುಗಿಸಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸರ್ವಾನುಮತದಿಂದ ಹಕ್ಕನ್ನು ಎತ್ತಿಹಿಡಿಯಿತು. ಅಲ್ಲಿಯೂ ಎಲ್ಲಾ ಜಾಗದಲ್ಲಿ ಬಿಡುವುದಿಲ್ಲ, ಉದ್ಯಾನದವರು ಕೊಡುವ ನಕ್ಷೆಯನ್ನು ನೋಡಬೇಕು. ಸೈನ್ಯದ ಗುಂಡುಹಾರಿಸುವ ಪ್ರದೇಶದಲ್ಲಿ ಕೆಂಪು ಬಾವುಟವಿದ್ದರೆ ಒಳಗೆ ಕಾಲಿಡಬಾರದು.

ಕೆಂಡಲ್‌ನ ಅಮ್ಮ

ಮ್ಯಾಂಚೆಸ್ಟರ್ ಅವರ ಮಾತಿನಲ್ಲಿ ಹೋರಾಟವಿದೆ, ಆದರೆ ರೈತರ ಕಡೆಯ ಮಾತು ಇಲ್ಲ. ನಮ್ಮ ಮನೆ ಇರುವುದು ಕಂಬ್ರಿಯಾದ ಕುರಿಗಾರರ ನಡುವೆ. ಏಪ್ರಿಲ್ ನಡುವಿನಿಂದ ಮೇ ತಿಂಗಳವರೆಗೆ ಬೆಟ್ಟದ ಕುರಿಗಳು ಮರಿ ಹಾಕುವ ಕಾಲ. ಆ ದಿನಗಳಲ್ಲಿ ಹುಲ್ಲುಗಾವಲಿನಲ್ಲಿ ಅಪರಿಚಿತರು ಟೆಂಟ್ ಹಾಕಿ, ಬೆಳಗಿನ ಜಾವ ದೀಪ ಹಾಯಿಸಿದರೆ ತಾಯಿಕುರಿ ಬೆದರಿ ಮರಿಯನ್ನು ಬಿಟ್ಟು ಓಡುತ್ತದೆ, ಕೆಲವು ಸಲ ಮತ್ತೆ ಹತ್ತಿರಕ್ಕೇ ಸೇರಿಸುವುದಿಲ್ಲ.

ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಬಹಳ ಕಾಲದಿಂದ ನಡೆದುಬಂದ ಒಂದು ರೂಢಿಯಿದೆ. ಬೆಟ್ಟದ ಅತಿ ಮೇಲಿನ ಕಲ್ಲುಗೋಡೆಯನ್ನು ದಾಟಿ ಮೇಲೆ ಹೋಗಿ, ಸಂಜೆ ತಡವಾಗಿ ಟೆಂಟ್ ಹಾಕಿ, ಬೆಳಿಗ್ಗೆ ಬೇಗ ಎದ್ದು ಹೊರಟರೆ ಯಾರೂ ಏನೂ ಅನ್ನುವುದಿಲ್ಲ. ಗೋಡೆಯ ಕೆಳಗಿನದು ರೈತರ ಮನೆಯಂಗಳವಿದ್ದಂತೆ. ಅಲ್ಲಿ ಕೇಳಿಯೇ ಹಾಕಬೇಕು. ನನ್ನ ಮಗಳು ಮತ್ತು ಅವಳ ಗೆಳತಿಯರು ಒಮ್ಮೆ ಮಳೆಯಲ್ಲಿ ಸಿಕ್ಕಿಕೊಂಡು ಒಂದು ಮನೆಯ ಬಾಗಿಲು ತಟ್ಟಿದಾಗ, ಆ ಮನೆಯ ಅಜ್ಜಿ ಹುಲ್ಲಿನ ಕೊಟ್ಟಿಗೆಯನ್ನೇ ಬಿಟ್ಟುಕೊಟ್ಟು, ಬಿಸಿನೀರು ತಂದುಕೊಟ್ಟರು. ಕೇಳುವುದರಲ್ಲಿ ಸಂಕೋಚ ಬೇಡ.

ತುಂಗೆಯಿಂದ ಮ್ಯಾಂಚೆಸ್ಟರ್

ಅಮ್ಮ, ನೀವು ಹೇಳಿದ್ದು ನ್ಯಾಯವಾಗಿದೆ. ಮರಿಗಳ ವಿಷಯ ನಾನು ಯೋಚಿಸಿರಲಿಲ್ಲ. ಆದರೆ ಕೇಳಲು ಮನೆಯೇ ಕಾಣದ ಜಾಗಗಳಲ್ಲಿ ಏನು ಮಾಡಬೇಕು ಎಂಬ ಪ್ರಶ್ನೆ ಉಳಿಯುತ್ತದೆ.

ಹಳೇ ಬೂಟು

ಎಲ್ಲರೂ ಕಾನೂನಿನ ಹಿಂದೆ ಬಿದ್ದಿದ್ದೀರಿ. ನನ್ನ ಮಟ್ಟಿಗೆ ಎರಡನೆಯ ಪ್ರಶ್ನೆಯೇ ದೊಡ್ಡದು. ನಾನು 1990ರ ದಶಕದಿಂದ ಈ ಬೆಟ್ಟಗಳಲ್ಲಿ ನಡೆಯುತ್ತಿದ್ದೇನೆ. ಬೆಟ್ಟ ಕೆಟ್ಟದ್ದೆಂದು ಗೆಳೆತನ ಮುರಿದದ್ದನ್ನು ನಾನು ನೋಡಿಲ್ಲ, ಒಬ್ಬ ಕಾಯದೆ ಹೋದದ್ದಕ್ಕೆ ಮುರಿದದ್ದನ್ನು ನೋಡಿದ್ದೇನೆ.

ದಾರಿಹೋಕರೇ, ನಿಮ್ಮ ಲೆಕ್ಕವನ್ನೇ ತೆಗೆದುಕೊಳ್ಳೋಣ. ನೇಸ್ಮಿತ್ ಎಂಬ ಸ್ಕಾಟಿಷ್ ಪರ್ವತಾರೋಹಿ 1892ರಲ್ಲಿ ಕೊಟ್ಟ ಸೂತ್ರವನ್ನು ಇಂದಿಗೂ ಎಲ್ಲರೂ ಬಳಸುತ್ತಾರೆ: 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಡಫ್ಟನ್‌ನಿಂದ ಗ್ರೆಗ್ಸ್ ಹಟ್‌ಗೆ ಸುಮಾರು 15 ಕಿಲೋಮೀಟರ್, ಏರಿಕೆ ಸುಮಾರು 900 ಮೀಟರ್. ಆದ್ದರಿಂದ ನಾಲ್ಕೂವರೆ ಗಂಟೆ. ಇದು ಖಾಲಿ ಕೈಯಲ್ಲಿ ನಡೆಯುವ ಗಟ್ಟಿಗರ ಲೆಕ್ಕ. ರಾತ್ರಿಯ ಸಾಮಾನು ಹೊತ್ತು, ಒದ್ದೆ ಹುಲ್ಲಿನಲ್ಲಿ, ಬುತ್ತಿ ಬಿಚ್ಚಿ ತಿಂದು ನಡೆಯುವವರಿಗೆ ಅದರ ಒಂದೂವರೆ ಪಟ್ಟು ಹಿಡಿಯಬೇಕು, ಅಂದರೆ ಏಳು ಗಂಟೆಯ ಹತ್ತಿರ. ಅಕ್ಟೋಬರ್ ಮಧ್ಯದಲ್ಲಿ ಆರು ಗಂಟೆ ದಾಟಿ ಸ್ವಲ್ಪದರಲ್ಲೇ ಸೂರ್ಯ ಮುಳುಗುತ್ತಾನೆ. ಹನ್ನೊಂದಕ್ಕೆ ಹೊರಟಾಗಲೇ ನಿಮ್ಮ ಕೈಯಲ್ಲಿ ಒಂದು ನಿಮಿಷವೂ ಮಿಕ್ಕಿರಲಿಲ್ಲ. ತಪ್ಪು ಹಿಂದೆ ಉಳಿದವರದ್ದಲ್ಲ, ಹೊರಟ ಹೊತ್ತಿನದು.

ಕ್ರಾಸ್ ಫೆಲ್‌ನ ತುದಿ ಚೂಪಾಗಿಲ್ಲ, ಆಟದ ಬಯಲಿನಂತೆ ಚಪ್ಪಟೆಯಾಗಿದೆ. ಮಂಜಿನಲ್ಲಿ ಅಲ್ಲಿ ನಾಲ್ಕು ದಿಕ್ಕೂ ಒಂದೇ ಆಗಿ ಕಾಣುತ್ತದೆ. ಉತ್ತರಕ್ಕೆ ಇಳಿದು, ಹಿಂದೆ ಹೆಣ ಹೊತ್ತು ಸಾಗುತ್ತಿದ್ದ ಹಳೆಯ ದಾರಿಯನ್ನು ಸೇರಿ, ಅಲ್ಲಿ ಬಲಕ್ಕೆ ತಿರುಗಿದರೆ ಮಾತ್ರ ಹಟ್ ಸಿಗುತ್ತದೆ. ನಕ್ಷೆಯನ್ನೂ ದಿಕ್ಸೂಚಿಯನ್ನೂ ಬೇರೆ ಬೇರೆ ಮಾಡಿಕೊಂಡು ಇಳಿದ ನಿಮ್ಮ ನಾಲ್ವರನ್ನೂ ದೇವರು ಕಾಪಾಡಿದ್ದಾನೆ ಎಂದೇ ನಾನು ತಿಳಿಯುತ್ತೇನೆ.

ನಮ್ಮ ಗುಂಪಿನ ನಿಯಮ ಹೇಳುತ್ತೇನೆ. ಇಬ್ಬಿಬ್ಬರು ಒಂದು ಜೋಡಿ. ಪ್ರತಿ ಜೋಡಿಯಲ್ಲೂ ಪೂರ್ತಿ ಟೆಂಟ್, ಒಲೆ, ಗ್ಯಾಸ್, ನಕ್ಷೆ, ದಿಕ್ಸೂಚಿ, ಸೀಟಿ, ಟಾರ್ಚ್ ಇರಲೇಬೇಕು. ಅರ್ಧ ಕಿಲೋ ತೂಕ ಹೆಚ್ಚಾದರೂ ಚಿಂತೆಯಿಲ್ಲ. ಪ್ರತಿ ಗೇಟು, ಪ್ರತಿ ಕವಲು, ಪ್ರತಿ ಹಳ್ಳದ ಬಳಿ ಮುಂದಿನವರು ನಿಲ್ಲಬೇಕು. ಹಿಂದಿನವರು ಬಂದ ತಕ್ಷಣ ಎದ್ದು ಹೊರಡಬಾರದು, ಏಕೆಂದರೆ ಆಗ ವಿಶ್ರಾಂತಿ ಸಿಗುವುದು ಬೇಗ ಬಂದವರಿಗೆ ಮಾತ್ರ. ಅವರು ಬಂದ ಮೇಲೆ ಐದು ನಿಮಿಷ ಎಲ್ಲರೂ ಕೂರಬೇಕು. ಮಂಜು ಬಂದರೆ ಕೈಗೆ ಸಿಗುವಷ್ಟು ಹತ್ತಿರದಲ್ಲಿ, ನಿಧಾನ ನಡೆಯುವವರನ್ನು ಮುಂದೆ ಬಿಟ್ಟು ನಡೆಯಬೇಕು.

ಎಕ್ಸೆಟರ್ ಕನ್ನಡಿಗ

ಎಲ್ಲವೂ ಸರಿ, ಕೊನೆಯದೊಂದು ಬಿಟ್ಟು. ನಿಧಾನದವರನ್ನು ಮುಂದೆ ನಿಲ್ಲಿಸಿದರೆ ಹಿಂದಿನಿಂದ ದೂಡಿಸಿಕೊಂಡ ಹಾಗಾಗುತ್ತದೆ, ಅವರು ಶಕ್ತಿ ಮೀರಿ ಓಡುತ್ತಾರೆ. ನನ್ನ ಹೆಂಡತಿಯ ಅನುಭವ ಇದು. ಎರಡನೆಯವರಾಗಿ ನಡೆಯಲಿ, ಮುಂದಿನವರು ಅವರ ಹೆಜ್ಜೆಯ ಸದ್ದು ಕೇಳುತ್ತ ತಮ್ಮ ವೇಗ ಇಳಿಸಿಕೊಳ್ಳಲಿ.

ಹಳೇ ಬೂಟು

ನಿಮ್ಮ ಪತ್ನಿಯವರ ಮಾತಿನಲ್ಲಿ ಹುರುಳಿದೆ. ಮುಂದಿನ ಸಲ ಹಾಗೆಯೇ ಮಾಡಿ ನೋಡುತ್ತೇನೆ.

ಸಕಲೇಶಪುರದ ಹುಡುಗ

ಈಗ ಮೊಬೈಲಿನಲ್ಲೇ ಸರ್ಕಾರಿ ನಕ್ಷೆ ಪೂರ್ತಿಯಾಗಿ ಸಿಗುವಾಗ ಕಾಗದದ ನಕ್ಷೆ ಏಕೆ ಹೊರಬೇಕು?

ಹಳೇ ಬೂಟು

ಚಳಿಯಲ್ಲಿ ಬ್ಯಾಟರಿ ಬೇಗ ಇಳಿಯುತ್ತದೆ, ಒದ್ದೆ ಬೆರಳಿಗೆ ಪರದೆ ಸ್ಪಂದಿಸುವುದಿಲ್ಲ, ಕೈಗವಸು ಬಿಚ್ಚಿದರೆ ಬೆರಳು ಮರಗಟ್ಟುತ್ತದೆ. ಮೊಬೈಲ್ ಇರಲಿ, ಜೊತೆಗೆ 1:25,000 ಅಳತೆಯ ಕಾಗದದ ನಕ್ಷೆಯೂ ಇರಲಿ.

ಗ್ಲಾಸ್ಗೊ ವೈದ್ಯೆ

ಬೂಟಿನ ದಾರ ಬಿಚ್ಚಲು ಬೆರಳು ಬರುತ್ತಿರಲಿಲ್ಲ ಎಂಬ ಸಾಲನ್ನು ಓದಿ ನನಗೆ ಆತಂಕವಾಯಿತು. ಅದು ಆಯಾಸವಲ್ಲ, ಮೈಯ ಶಾಖ ಇಳಿಯತೊಡಗಿದ್ದರ ಲಕ್ಷಣ. ದೇಹದ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಅದನ್ನು ಹೈಪೋಥರ್ಮಿಯಾ ಎನ್ನುತ್ತೇವೆ. ಮೊದಲು ನಡುಕ, ಆಮೇಲೆ ಮಾತು ತೊದಲುವುದು, ಕಾಲು ಎಡವುವುದು, ಗುಂಡಿ ಹಾಕಲು ಬಾರದಿರುವುದು, ಯಾರೊಡನೆಯೂ ಮಾತಾಡದೆ ಮಂಕಾಗುವುದು. ನಡುಕ ನಿಂತ ಮೇಲೂ ಮೈ ಬಿಸಿಯಾಗದೆ ಇದ್ದರೆ ಅದು ಸುಧಾರಣೆಯಲ್ಲ, ಪ್ರಾಣಾಪಾಯ. ವಿಚಿತ್ರವೆಂದರೆ ಹೀಗಾಗುತ್ತಿರುವುದು ಆ ವ್ಯಕ್ತಿಗೇ ತಿಳಿಯುವುದಿಲ್ಲ; ಪಕ್ಕದಲ್ಲಿರುವವರು ಗುರುತಿಸಬೇಕು. ಗುಂಪು ಒಡೆಯಬಾರದು ಎನ್ನುವುದಕ್ಕೆ ವೈದ್ಯಕೀಯ ಕಾರಣ ಇದೇ.

ನಮ್ಮ ಮಲೆನಾಡಿನವರು ಮಳೆಗೆ ಹೆದರುವುದಿಲ್ಲ, ಅದೇ ಇಲ್ಲಿ ಮೋಸಮಾಡುತ್ತದೆ. ಆಗುಂಬೆಯಲ್ಲಿ ಕ್ರಾಸ್ ಫೆಲ್‌ಗಿಂತ ಎಷ್ಟೋ ಪಟ್ಟು ಹೆಚ್ಚು ಮಳೆ ಸುರಿಯುತ್ತದೆ, ಆದರೆ ಅದು ಬೆಚ್ಚಗಿನ ಮಳೆ. ನೆನೆದರೂ ಮನೆಗೆ ಬಂದು ತಲೆ ಒರೆಸಿಕೊಂಡು ಕಾಫಿ ಕುಡಿದರೆ ಮುಗಿಯಿತು. ಇಲ್ಲಿ ಪ್ರತಿ ಸಾವಿರ ಮೀಟರಿಗೆ ಆರೂವರೆ ಡಿಗ್ರಿಯಷ್ಟು ಚಳಿ ಏರುತ್ತದೆ, ಅದರ ಮೇಲೆ ಗಾಳಿ. ಕ್ರಾಸ್ ಫೆಲ್‌ನಿಂದ ಇಳಿದು ಬೀಸುವ ಗಾಳಿಗೆ ಹೆಲ್ಮ್ ಎಂಬ ಸ್ವಂತ ಹೆಸರೇ ಇದೆ. ಬ್ರಿಟನ್ನಿನಲ್ಲಿ ಹೆಸರು ಪಡೆದ ಗಾಳಿ ಅದೊಂದೇ. ಹತ್ತಿ ಬಟ್ಟೆ, ಜೀನ್ಸ್ ಖಂಡಿತ ಬೇಡ. ಒಣ ಉಣ್ಣೆಯ ಒಳಅಂಗಿಯೊಂದು ಪ್ಲಾಸ್ಟಿಕ್ ಚೀಲದಲ್ಲಿ ಭದ್ರವಾಗಿರಲಿ, ಅದನ್ನು ಮಲಗುವಾಗ ಮಾತ್ರ ತೊಡಿ.

ಇನ್ನೊಂದು ವಸ್ತುವನ್ನು ಈ ವಾರವೇ ಕೊಂಡುಕೊಳ್ಳಿ. ಬಾಥಿ ಬ್ಯಾಗ್ ಎಂಬ ಕಿತ್ತಳೆ ಬಣ್ಣದ ದೊಡ್ಡ ಬಟ್ಟೆಚೀಲ, ನಾಲ್ವರಿಗೆ ಆಗುವಂಥದ್ದು ಅರ್ಧ ಕಿಲೋ ತೂಗುತ್ತದೆ. ಗಾಳಿಯಲ್ಲಿ ಅದನ್ನು ತಲೆಯ ಮೇಲಿಂದ ಎಳೆದುಕೊಂಡು, ಅಂಚನ್ನು ಕುಂಡೆಯಡಿ ಸಿಕ್ಕಿಸಿ, ಮಂಡಿಗೆ ಮಂಡಿ ತಾಗಿಸಿ ಕೂತರೆ ಕೆಲವೇ ನಿಮಿಷಗಳಲ್ಲಿ ಒಳಗೆ ಉಸಿರಿನ ಬಿಸಿ ತುಂಬುತ್ತದೆ. ನಡುಗುತ್ತಿರುವವರಿಗೆ ಒಣಬಟ್ಟೆ ತೊಡಿಸಿ, ಬೆಲ್ಲ ಅಥವಾ ಚಾಕೊಲೇಟ್ ತಿನ್ನಿಸಿ.

ಕೆಂಡಲ್‌ನ ಅಮ್ಮ

ಡಾಕ್ಟರ್ ಅವರ ಮಾತಿಗೆ ಸೇರಿಸುತ್ತೇನೆ. ಆಪತ್ತಿನಲ್ಲಿ 999ಕ್ಕೆ ಕರೆ ಮಾಡಿ, ಪೊಲೀಸರನ್ನು ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ, ಅಂದರೆ ಬೆಟ್ಟದ ರಕ್ಷಣಾ ತಂಡ, ಬೇಕೆಂದು ಹೇಳಬೇಕು. ಸಿಗ್ನಲ್ ಕ್ಷೀಣವಾಗಿದ್ದರೆ ಸಂದೇಶ ಕಳಿಸಬಹುದು, ಆದರೆ ಅದಕ್ಕೆ ಮನೆಯಲ್ಲಿರುವಾಗಲೇ ನೋಂದಾಯಿಸಿಕೊಂಡಿರಬೇಕು. ಸೀಟಿಯಾದರೆ ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಬೇಕು. ಆಚೆಯಿಂದ ಮೂರು ಸಲ ಊದಿದ ಸದ್ದು ಬಂದರೆ ಅದು ನಿಮ್ಮ ಕರೆಗೆ ಕೊಟ್ಟ ಉತ್ತರ. ನಮ್ಮ ಬೀದಿಯ ಇಬ್ಬರು ಆ ತಂಡದಲ್ಲಿದ್ದಾರೆ. ಸಂಬಳವಿಲ್ಲದೆ, ಊಟದ ತಟ್ಟೆಯನ್ನು ಬಿಟ್ಟು ಎದ್ದುಹೋಗುವುದನ್ನು ನೋಡುತ್ತಿರುತ್ತೇನೆ. ಕರೆಯಲು ತಡಮಾಡಬೇಡಿ, ಆದರೆ ಕರೆಯುವ ಪರಿಸ್ಥಿತಿಯನ್ನು ಮಾತ್ರ ತಂದುಕೊಳ್ಳಬೇಡಿ.

ಸಕಲೇಶಪುರದ ಹುಡುಗ

ಮೇ ಕೊನೆಯೆಂದರೆ ನುಸಿಯ ಕಾಟ ಶುರುವಾಗುವ ಹೊತ್ತು. ಇಲ್ಲಿ ಮಿಜ್ ಎನ್ನುವುದು ನಮ್ಮೂರಿನ ನುಸಿಯೇ, ಆದರೆ ಮೋಡದಂತೆ ಮುತ್ತಿ ಕಚ್ಚುತ್ತದೆ. ಗಾಳಿಯಾಡುವ ದಿಬ್ಬದ ಮೇಲೆ ಟೆಂಟ್ ಹಾಕಿದರೆ ಕಾಟವಿಲ್ಲ, ತೊರೆಯ ಪಕ್ಕದ ತಗ್ಗಿನಲ್ಲಿ ಹಾಕಿದರೆ ರಾತ್ರಿಯಿಡೀ ಒಳಗೇ ಬಂದಿ. ಇಂಬಳ ಇಲ್ಲಿ ಕಾಲು ಹತ್ತುವುದಿಲ್ಲವೆಂದು ನಿಶ್ಚಿಂತರಾಗಬೇಡಿ. ಉಣ್ಣೆಹುಳ ಇದೆ, ಲೈಮ್ ರೋಗ ತರುತ್ತದೆ. ಇಂಬಳಕ್ಕೆ ಉಪ್ಪು ಸುಣ್ಣ ಹಚ್ಚಿದ ಹಾಗೆ ಇದಕ್ಕೆ ಏನನ್ನೂ ಹಚ್ಚಬಾರದು. ಚರ್ಮಕ್ಕೆ ಒತ್ತಿ ಚಿಮಟದಿಂದ ಹಿಡಿದು ನೇರವಾಗಿ ಎಳೆಯಬೇಕು. ಆಮೇಲೆ ಉಂಗುರದಂತೆ ಕೆಂಪು ಹರಡಿದರೆ ವೈದ್ಯರನ್ನು ಕಾಣಬೇಕು.

ತುಂಗೆಯಿಂದ ಮ್ಯಾಂಚೆಸ್ಟರ್

ಬೆಂಕಿಯ ವಿಷಯವನ್ನು ಯಾರೂ ಹೇಳಲಿಲ್ಲ. ಪೆನೈನ್‌ನ ನೆಲ ಮಣ್ಣಲ್ಲ, ಪೀಟ್; ಸಾವಿರಾರು ವರ್ಷ ಕೊಳೆಯದೆ ಕೂತ ಪಾಚಿ. ಒಣಗಿದರೆ ನೆಲವೇ ಉರಿಯುತ್ತದೆ, ಒಳಗೊಳಗೇ ಹೊಗೆಯಾಡುತ್ತ ವಾರಗಟ್ಟಲೆ ಹರಡುತ್ತದೆ. 2018ರ ಬೇಸಿಗೆಯಲ್ಲಿ ಸ್ಯಾಡಲ್‌ವರ್ತ್ ಮೂರ್ ಹತ್ತಿಕೊಂಡಾಗ ಸೈನ್ಯವನ್ನೇ ಕರೆಸಬೇಕಾಯಿತು. ನಮ್ಮ ಮನೆಯ ಕಿಟಕಿಯ ಹಲಗೆಯ ಮೇಲೂ ಬೂದಿ ಕೂತಿತ್ತು. ಸೌದೆಯ ಬೆಂಕಿ ಬೇಡವೇ ಬೇಡ. ಗ್ಯಾಸ್ ಒಲೆಯನ್ನೂ ಚಪ್ಪಟೆ ಕಲ್ಲಿನ ಮೇಲಿಟ್ಟು ಹಚ್ಚಿ.

ಲೀಡ್ಸ್ ದಾರಿಹೋಕ

ಇಷ್ಟೊಂದು ಉತ್ತರ ಬರುತ್ತದೆಂದು ನಿರೀಕ್ಷಿಸಿರಲಿಲ್ಲ, ಎಲ್ಲರಿಗೂ ಕೃತಜ್ಞತೆಗಳು. ಹಳೇ ಬೂಟು ಅವರ ಲೆಕ್ಕವನ್ನು ಮೂರು ಸಲ ಓದಿದೆ. ಇಷ್ಟು ದಿನ ತಪ್ಪನ್ನು ನಿಧಾನ ನಡೆದವರ ಮೇಲೆ ಹಾಕಿದ್ದೆ. ಅಂದು ಡಫ್ಟನ್‌ನಲ್ಲಿ ಎರಡನೆಯ ಸುತ್ತು ಕಾಫಿ ಕುಡಿಯೋಣವೆಂದವನು ನಾನು. ಈ ಚರ್ಚೆಯ ಕೊಂಡಿಯನ್ನು ನಮ್ಮ ಮೂವರಿಗೂ ಕಳಿಸಿದ್ದೇನೆ.

ಹಿಂದೆ ಉಳಿದವನು

ಆ ನಾಲ್ವರಲ್ಲಿ ನಿಧಾನ ನಡೆದವನು ನಾನು. ಇದನ್ನು ಬರೆಯಲೆಂದೇ ಇಲ್ಲಿ ಸೇರಿಕೊಂಡೆ.

ನಾನು ನಿಧಾನವಾದದ್ದು ಸುಸ್ತಾಗಿ ಅಲ್ಲ. ನಾಕ್ ಫೆಲ್ ಏರುವಾಗಲೇ ಒಂದು ಹಳ್ಳದಲ್ಲಿ ಕಾಲು ಜಾರಿ ಎಡಬೂಟಿನೊಳಗೆ ನೀರು ಹೋಗಿತ್ತು. ಕಾಲುಚೀಲ ಬದಲಿಸಬೇಕು, ನಿಲ್ಲಿರಿ ಎಂದು ಹೇಳಲು ಬಾಯಿ ಬರಲಿಲ್ಲ. ಆ ದಿನ ಆಗಲೇ ಎರಡು ಸಲ ನನಗಾಗಿ ಎಲ್ಲರೂ ನಿಂತಿದ್ದರು. ಮೂರನೆಯ ಸಲ ಕೇಳಲು ನಾಚಿಕೆಯಾಯಿತು. ನೀವು ಮುಂದೆ ಹೋಗಿ ಎಂದು ಹೇಳಿದವನೂ ನಾನೇ, ಅದನ್ನು ದಾರಿಹೋಕ ಇಲ್ಲಿ ಬರೆದಿಲ್ಲ.

ಕ್ರಾಸ್ ಫೆಲ್ ಮೇಲೆ ಕಲ್ಲಿನ ಆಸರೆಗೋಡೆಯ ಹಿಂದೆ ಕೂತಾಗ, ಜೊತೆಗಿದ್ದವನು ತನ್ನ ಒಣಗಿದ ಕಾಲುಚೀಲವನ್ನು ಬಿಚ್ಚಿ ನನಗೆ ತೊಡಿಸಿ, ನನ್ನ ಒದ್ದೆಯದನ್ನು ತಾನು ಹಾಕಿಕೊಂಡ. ಟೆಂಟಿನ ಬಟ್ಟೆಯನ್ನು ಇಬ್ಬರೂ ಹೊದ್ದುಕೊಂಡು ಅರ್ಧ ಗಂಟೆ ಕೂತೆವು. ಆಮೇಲೆ ಇಳಿಯುವಾಗ ಗಾಳಿಯ ನಡುವೆ ಸೀಟಿಯ ಸದ್ದು ಕೇಳಿಸಿತು, ನಿಂತಿತು, ಮತ್ತೆ ಕೇಳಿಸಿತು. ಆ ಸದ್ದು ಇರದಿದ್ದರೆ ಆ ಹಳೆಯ ದಾರಿಯಲ್ಲಿ ನಾವು ಎಡಕ್ಕೇ ತಿರುಗುತ್ತಿದ್ದೆವು. ಎರಡು ಗಂಟೆ ಊದಿದ್ದಾರೆಂದು ನನಗೆ ಗೊತ್ತಾದದ್ದು ಇವತ್ತು, ಇಲ್ಲಿ ಓದಿದ ಮೇಲೆ.

ನನಗೆ ಸ್ಕಾಟ್ಲೆಂಡ್ ಬೇಡ. ಶುರುಮಾಡಿದ ದಾರಿಯನ್ನೇ ಮುಗಿಸಬೇಕು.

ಗ್ಲಾಸ್ಗೊ ವೈದ್ಯೆ

ನಿಮ್ಮ ಜೊತೆಗಿದ್ದ ಗೆಳೆಯರು ಮಾಡಿದ್ದು ಅತ್ಯುತ್ತಮ ಚಿಕಿತ್ಸೆ. ಅವರ ಕಾಲಿಗೇನೂ ಆಗಲಿಲ್ಲವೆಂದು ನಂಬುತ್ತೇನೆ.

ಪೆಂಟ್‌ಲ್ಯಾಂಡ್ ಪಕ್ಕದವಳು

ನೀವು ಈ ದಾರಿಯನ್ನೇ ಮುಗಿಸುವುದಾದರೆ, ನಿಮ್ಮ ಮೊದಲ ಪ್ರಶ್ನೆಗೆ ಇನ್ನೂ ಒಳ್ಳೆಯ ಉತ್ತರವಿದೆ. ಆಲ್‌ಸ್ಟನ್‌ನಿಂದ ಬರ್ನೆಸ್‌ವರೆಗೆ ದಾರಿ ಊರುಗಳನ್ನು ಹಾದುಹೋಗುತ್ತದೆ. ಅಲ್ಲೆಲ್ಲ ಹಣ ಕೊಟ್ಟು ಟೆಂಟ್ ಹಾಕುವ ಜಾಗಗಳನ್ನು ಮೊದಲೇ ವಿಚಾರಿಸಿಕೊಳ್ಳಿ. ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆಯ ಪಕ್ಕದಲ್ಲಂತೂ ಹಾಕಲೇಬೇಡಿ, ಅದು ವಿಶ್ವ ಪರಂಪರೆಯ ತಾಣ. ಕಷ್ಟವಿರುವುದು ಕೊನೆಯಲ್ಲಿ. ಬರ್ನೆಸ್‌ನಿಂದ ಕರ್ಕ್ ಯೆಟಮ್‌ಗೆ 40 ಕಿಲೋಮೀಟರ್ ಮೀರಿದ ದೂರ. ನಡುವೆ ಒಂದೂ ಊರಿಲ್ಲ, ಚೆವಿಯಟ್ ಬೆಟ್ಟಸಾಲು ಮಾತ್ರ. ಅದನ್ನು ಎರಡು ದಿನ ಮಾಡಿಕೊಳ್ಳಿ.

ಆ ಬೆಟ್ಟಸಾಲಿನ ನೆತ್ತಿಯ ಮೇಲೆ ಒಂದು ತಂತಿಬೇಲಿ ಮೈಲಿಗಟ್ಟಲೆ ಓಡುತ್ತದೆ. ಅದೇ ಎರಡು ದೇಶಗಳ ಗಡಿ. ಬೇಲಿಯ ಈಚೆ ಇಂಗ್ಲೆಂಡ್, ಸೈನ್ಯದ ಗುಂಡುಹಾರಿಸುವ ಪ್ರದೇಶವೂ ಹತ್ತಿರದಲ್ಲೇ ಇದೆ. ಬೇಲಿಯ ಆಚೆ ಸ್ಕಾಟ್ಲೆಂಡ್, 2003ರ ಕಾಯ್ದೆ ಅಲ್ಲಿಗೂ ಅನ್ವಯಿಸುತ್ತದೆ. ಗೇಟು ದಾಟಿ ಹತ್ತು ಹೆಜ್ಜೆ ಆಚೆ ಹೋಗಿ ಟೆಂಟ್ ಹಾಕಿದರೆ ಯಾರನ್ನೂ ಕೇಳಬೇಕಿಲ್ಲ. ನಾನು ಮತ್ತು ನನ್ನ ತಂಗಿ ವಿಂಡಿ ಗೈಲ್ ಬೆಟ್ಟದ ಬಳಿ ಹಾಗೆಯೇ ಮಾಡಿದ್ದೆವು. ರಾತ್ರಿ ಹತ್ತಾದರೂ ಉತ್ತರದ ಆಕಾಶದಲ್ಲಿ ಬೆಳಕು ಉಳಿದಿತ್ತು.

ತುಂಗೆಯಿಂದ ಮ್ಯಾಂಚೆಸ್ಟರ್

ಅಕ್ಕ, ಇದು ನನಗೆ ಹೊಳೆದೇ ಇರಲಿಲ್ಲ. ಎರಡೂ ಕಡೆಯವರ ಮಾತು ನಡೆದಂತಾಯಿತು.

ಹಳೇ ಬೂಟು

ಆ ಸಾಲಿನ ಮೇಲೆ ನೀರು ಸುಲಭವಾಗಿ ಸಿಗುವುದಿಲ್ಲ ಎಂಬುದನ್ನು ಮರೆಯಬೇಡಿ. ಬರ್ನೆಸ್‌ನಲ್ಲೇ ತುಂಬಿಕೊಳ್ಳಿ, ತೊರೆಯ ನೀರಾದರೆ ಸೋಸಿ ಕುದಿಸಿ. ಮೇಲ್ಗಡೆ ಕುರಿ ಸತ್ತು ಬಿದ್ದಿರಬಹುದು. ದಾರಿಯಲ್ಲಿ ಮರದ ಎರಡು ಚಿಕ್ಕ ಆಸರೆ ಗುಡಿಸಲುಗಳಿವೆ, ಒಂದು ಲ್ಯಾಂಬ್ ಹಿಲ್ ಹತ್ತಿರ, ಇನ್ನೊಂದು ಆಕೋಪ್ ಹತ್ತಿರ. ಹವಾಮಾನ ಕೆಟ್ಟರೆ ನಾಲ್ವರೂ ಅಲ್ಲಿ ಕೂರಬಹುದು. ಶೌಚಕ್ಕೆ ನೀರಿನಿಂದ ಕನಿಷ್ಠ 30 ಮೀಟರ್ ದೂರ ಹೋಗಿ, ಗುಂಡಿ ತೋಡಿ ಮುಚ್ಚಿ, ಕಾಗದವನ್ನು ಚೀಲದಲ್ಲಿ ಹಾಕಿಕೊಂಡು ವಾಪಸ್ ತನ್ನಿ.

ಕೆಂಡಲ್‌ನ ಅಮ್ಮ

ಬುತ್ತಿಗೆ ಹುರಿಹಿಟ್ಟು ಒಯ್ಯಿರಿ ಮಕ್ಕಳೇ. ರಾಗಿ ಹುರಿಹಿಟ್ಟಿಗೆ ಬೆಲ್ಲದ ಪುಡಿ, ಏಲಕ್ಕಿ ಬೆರೆಸಿ ಒಬ್ಬೊಬ್ಬರಿಗೆ ದಿನಕ್ಕೊಂದು ಪೊಟ್ಟಣ ಕಟ್ಟಿದರೆ, ಗ್ಯಾಸ್ ಕೈಕೊಟ್ಟರೂ ತಣ್ಣೀರಿನಲ್ಲೇ ಕಲಸಿ ತಿನ್ನಬಹುದು. ಗೊಜ್ಜವಲಕ್ಕಿಯ ಪುಡಿಯೂ ಹಾಗೆಯೇ, ಹತ್ತು ನಿಮಿಷ ನೆನೆದರೆ ಸಾಕು.

ಲೀಡ್ಸ್ ದಾರಿಹೋಕ

ನಿನ್ನೆ ರಾತ್ರಿ ನಾಲ್ವರೂ ಫೋನಿನಲ್ಲಿ ಮಾತಾಡಿದೆವು. ಅಕ್ಟೋಬರಿನ ನಂತರ ಇದೇ ಮೊದಲು. ಪೆನೈನ್ ವೇಯನ್ನೇ ಮುಗಿಸುತ್ತೇವೆ. ನಾನು ಮತ್ತು ಹಿಂದೆ ಉಳಿದವನು ಒಂದು ಜೋಡಿ, ಒಂದೇ ಟೆಂಟ್. ಬೆಳಿಗ್ಗೆ ಎಂಟಕ್ಕೆ ಹೊರಡುವುದು, ಕಿತ್ತಳೆ ಚೀಲ ಕೊಳ್ಳುವುದು ಎಂದು ತೀರ್ಮಾನವಾಗಿದೆ. ಕೊನೆಯ ರಾತ್ರಿ ಬೇಲಿಯ ಆಚೆ. ಕರ್ಕ್ ಯೆಟಮ್‌ನಿಂದ ಲೀಡ್ಸ್‌ಗೆ ವಾಪಸ್ ಬರುವ ದಾರಿಯನ್ನು ಯಾರಾದರೂ ತಿಳಿಸಿದರೆ ರೈಲು ಟಿಕೆಟ್ ತೆಗೆಸುತ್ತೇನೆ.

ಪೆಂಟ್‌ಲ್ಯಾಂಡ್ ಪಕ್ಕದವಳು

ಹಳ್ಳಿಯಿಂದ ಕೆಲ್ಸೊಗೆ ಬಸ್ಸಿದೆ, ಅಲ್ಲಿಂದ ಬರ್ವಿಕ್‌ಗೆ ಇನ್ನೊಂದು ಬಸ್ಸು, ಬರ್ವಿಕ್‌ನಿಂದ ಯಾರ್ಕ್ ಕಡೆಗೆ ರೈಲು. ಭಾನುವಾರ ಮುಗಿಯುವಂತೆ ಇಟ್ಟುಕೊಳ್ಳಬೇಡಿ, ಹಳ್ಳಿಯ ಬಸ್ಸಿನ ಸಮಯವನ್ನು ನೋಡಿಕೊಂಡೇ ಟಿಕೆಟ್ ತೆಗೆಸಿ.